ಒದ್ದೆ ಬಟ್ಟೆ ಒಣಗೋವರೆಗೆ

ನಮ್ಮ ಗದಗಿನ ವೀರನಾರಾಯಣ ಗುಡಿಯ ಕಥೆ ನಿಮಗೂ ಗೊತ್ತಿರಬೇಕು. ಕುಮಾರವ್ಯಾಸ ಕೋನೇರಿ ಹೊಂಡದಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಕಂಬಕ್ಕೊರಗಿ ಕೂತು, ಅದು ಒಣಗೋವರೆಗೆ ಮಾತ್ರ ಭಾರತ ಬರೀತಿದ್ದನಂತೆ. ಹಾಗೇ ಹತ್ತು ಪರ್ವ! ಸಣ್ಣವನಿದ್ದಾಗ ಇದು ಪವಾಡ ಅನಿಸ್ತಿತ್ತು. ಈಗ ಟೈಂಟೇಬಲ್ ಅನಿಸುತ್ತೆ.

ಟಿ.ಪಿ. ಅಕ್ಕಿಯವರು ಕಟ್ಟಿದ ವಿಜಯ ಕಲಾ ಮಂದಿರದಲ್ಲಿ ಕಲಿತು, ಚಿತ್ರ ಬರೆದೇ ಬದುಕೋನು ನಾನು. ಮುದ್ರಣಕ್ಕೆ ಹೆಸರಾದ ಊರು ನಮ್ಮದು. ಪುಸ್ತಕದ ಮುಖಪುಟ, ಪಾಠದ ಚಿತ್ರ, ಲಗ್ನಪತ್ರಿಕೆಯ ಗಣಪತಿ.. ಹಗಲೆಲ್ಲ ಅದೇ. ನನ್ನದು ಅಂತ ಬರೆಯೋದು ರಾತ್ರಿ, ಮಗಳ ಯೂನಿಫಾರ್ಮ್ ಒಗೆದು ಫ್ಯಾನಿನ ಕೆಳಗೆ ಹಾಕಿದ ಮೇಲೆ. ಅದು ಒಣಗಿತೋ, ಇಸ್ತ್ರಿ ಮಾಡಿ ಮಲಗಬೇಕು. ಮಳೆಗಾಲದಲ್ಲಿ ಒಂದು ಇಡೀ ಚಿತ್ರ ಆಗುತ್ತೆ. ನಮ್ಮೂರ ಬೇಸಿಗೆಯಲ್ಲಿ ಬರೀ ನಾಲ್ಕು ಗೆರೆ..

ಮೊನ್ನೆ ಅರ್ಧಕ್ಕೇ ಬಿಟ್ಟಿದ್ದ ಕುದುರೆ ನೋಡಿ ಮಗಳು ಕೇಳಿದಳು, "ಪಪ್ಪಾ, ಇದರ ನಾಕನೇ ಕಾಲು ಎಲ್ಲೈತಿ?"

"ನಿನ್ನ ಅಂಗಿ ಲಗೂನ ಒಣಗಿಬಿಡ್ತು ನೋಡವ್ವಾ" ಅಂದೆ.

ಅವತ್ತು ರಾತ್ರಿ ನೋಡ್ತೀನಿ, ಹಿಂಡಿ ಹಾಕಿದ್ದ ಅಂಗೀನ ಮತ್ತೆ ಬಕೆಟ್ಟಿನಲ್ಲಿ ಅದ್ದಿ ತರ್ತಿದಾಳೆ!

ಬೈಬೇಕೋ ಮುದ್ದಾಡಬೇಕೋ ತಿಳೀಲಿಲ್ಲ. ಕುದುರೆಗೆ ಕಾಲು ಬಂತು. ಮರುದಿನ ಅವಳು ಹಸಿ ಹಸಿ ಅಂಗಿಯಲ್ಲೇ ಸಾಲಿಗೆ ಹೋದಳು.