ನಾಲ್ಕು ಜನ ಹೇಳಿದ ಮಾತು

ನನ್ನ ಅಕ್ಕನ ಮಗಳು ಇಂಗ್ಲೆಂಡಿನ ಕೇಂಬ್ರಿಜ್ ಹತ್ತಿರ ಹಿಂಕ್ಸ್‌ಟನ್ ಎಂಬ ಹಳ್ಳಿಯಲ್ಲಿ ಕೆಲಸಕ್ಕಿದ್ದಾಳೆ. ಏನು ಕೆಲಸ ಎಂದು ಯಾರಾದರೂ ಕೇಳಿದರೆ “ಕಂಪ್ಯೂಟರ್” ಎಂದು ಹೇಳಿ ಪಾರಾಗುತ್ತಿದ್ದೆ. ಹೋದ ಸಲ ರಜೆಗೆ ಬಂದವಳು ಹಿತ್ತಲ ಕಟ್ಟೆಯ ಮೇಲೆ ನನ್ನ ಜೊತೆ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಕೇಳಿಯೇಬಿಟ್ಟೆ.

“ಯಾವ ಪ್ರೋಟೀನು ಯಾವುದರ ಜೊತೆ ಕೂಡುತ್ತೆ ಅಂತ ವಿಜ್ಞಾನಿಗಳು ಪ್ರಬಂಧ ಬರೀತಾರಲ್ಲ ಚಿಕ್ಕಮ್ಮ, ಅದನ್ನು ಓದಿ ಇಂಟಾಕ್ಟ್ ಅನ್ನೋ ದಾಖಲೆ ಭಂಡಾರಕ್ಕೆ ಸೇರಿಸ್ತೀವಿ.”

“ಅಂದರೆ ಜಾತಕ ಕೂಡಿಸೋ ಕೆಲಸ ಅನ್ನು.”

ನಕ್ಕಳು. “ಕೂಡಿಸೋದಲ್ಲ. ಕೂಡಿವೆ ಅಂತ ಯಾರು ಹೇಳಿದರು, ಹೇಗೆ ನೋಡಿ ಹೇಳಿದರು ಅಂತ ಬರೆದಿಡೋದು.”

ನಮ್ಮ ಮೈಯೊಳಗೆ ಒಂಟಿಯಾಗಿ ಕೆಲಸ ಮಾಡುವ ಪ್ರೋಟೀನುಗಳು ಕಡಿಮೆಯಂತೆ. ಕೆಟ್ಟರೆ ಸ್ತನ ಕ್ಯಾನ್ಸರಿನ ಭಯ ಹೆಚ್ಚಿಸುವ ಬಿಆರ್‌ಸಿಎ1 ಎಂಬುದಕ್ಕೂ ಬಾರ್ಡ್1 ಎಂಬ ಜೊತೆಗಾರನಿರುವುದು 1996ರಲ್ಲಿ ತಿಳಿಯಿತು. ಅದನ್ನು ಹಿಡಿದದ್ದು 1989ರಲ್ಲಿ ಬಂದ ಯೀಸ್ಟ್ ವಿಧಾನದಿಂದ. ಎರಡು ಪ್ರೋಟೀನುಗಳನ್ನು ಯೀಸ್ಟಿನೊಳಗೆ ಬಿಟ್ಟು, ಅವು ಕೂಡಿದರೆ ಮಾತ್ರ ಒಂದು ಸ್ವಿಚ್ಚು ಬೀಳುವ ಹಾಗೆ ಮಾಡುತ್ತಾರೆ. ಆದರೆ ನಿಜವಾದ ಮೈಯಲ್ಲಿ ಎಂದೂ ಮುಖ ನೋಡದ ಎರಡು ಪ್ರೋಟೀನುಗಳೂ ಅಲ್ಲಿ ಕೂಡಿಬಿಡಬಹುದು. ಬಾರ್ಡ್1ರ ನೆಂಟಸ್ತಿಕೆಯನ್ನು ಬೇರೆಯವರು ಬೇರೆ ವಿಧಾನಗಳಿಂದಲೂ ನೋಡಿದ್ದರಿಂದ ಅದು ಗಟ್ಟಿಯಾಯಿತು.

ಹಾಗಾಗಿ ಪ್ರತಿ ಸಂಬಂಧಕ್ಕೂ ಸೊನ್ನೆಯಿಂದ ಒಂದರೊಳಗೆ ಅಂಕ ಕೊಡುವ ಕ್ರಮವಿದೆಯಂತೆ. ಎಷ್ಟು ಪ್ರಬಂಧಗಳಲ್ಲಿ ಬಂದಿದೆ, ಯಾವ ವಿಧಾನದಿಂದ ನೋಡಿದ್ದು, ನೇರವಾಗಿ ಕೈ ಹಿಡಿದಿವೆಯೋ ಅಥವಾ ಒಂದೇ ಗುಂಪಿನಲ್ಲಿ ಇದ್ದವೋ ಎಂದು ಲೆಕ್ಕ. ಒಂದೇ ಮದುವೆಮನೆಯಲ್ಲಿ ಕಂಡವರೆಲ್ಲ ನೆಂಟರಾಗುತ್ತಾರೆಯೇ, ನೀವೇ ಹೇಳಿ!

ಮೊದಮೊದಲು ಹಿಂಕ್ಸ್‌ಟನ್ನಿನ ಇಂಟಾಕ್ಟ್, ರೋಮಿನ ಮಿಂಟ್, ಲಾಸ್ ಏಂಜಲೀಸಿನ ಡಿಪ್, ಎಲ್ಲರದ್ದೂ ಬೇರೆ ಬೇರೆ ಲೆಕ್ಕದ ಪುಸ್ತಕ. 2004ರಲ್ಲಿ ಎಲ್ಲರೂ ಒಂದೇ ಮಾದರಿಯಲ್ಲಿ ಬರೆಯುವುದೆಂದು ಗೊತ್ತುಮಾಡಿ ಪ್ರಕಟಿಸಿದರು. ಆಮೇಲೆ ಐಮೆಕ್ಸ್ ಎಂಬ ಒಕ್ಕೂಟ ಕಟ್ಟಿ ಓದುವ ಕೆಲಸ ಹಂಚಿಕೊಂಡರು. ಒಂದು ಪ್ರಬಂಧವನ್ನು ಒಂದೇ ಭಂಡಾರದವರು ಓದಿ, ಅದಕ್ಕೊಂದು ನಂಬರು ಕೊಟ್ಟು, ಉಳಿದವರಿಗೆ ಹಂಚುವುದು.

“ನಾಲ್ಕು ಜನ ಓದಿದರೆ ಇನ್ನೂ ಒಳ್ಳೇದಲ್ಲವೇನೆ?” ಅಂದೆ.

“ಕೆಲಸ ದಂಡ. ಅದಕ್ಕಿಂತ ಹೆಚ್ಚಾಗಿ, ಒಂದೇ ಪ್ರಯೋಗವನ್ನ ನಾಲ್ಕು ಕಡೆ ಬರೆದರೆ ಒಟ್ಟಿಗೆ ನೋಡೋರಿಗೆ ನಾಲ್ಕು ಸಾಕ್ಷಿ ಇದ್ದ ಹಾಗೆ ಕಾಣುತ್ತೆ. ಇರೋದು ಒಂದೇ.”

ನನ್ನ ಕೈ ಅಲ್ಲೇ ನಿಂತಿತು.

1987ರಲ್ಲಿ ನಮ್ಮ ಬೀದಿಯ ಕೊನೆಮನೆ ಹುಡುಗಿಗೆ ಸಂಬಂಧ ಬಂದಿತ್ತು. ಗಂಡಿನ ಕಡೆಯವರು ವಿಚಾರಿಸಲು ನಮ್ಮ ಮನೆಗೂ ಬಂದರು. ಕಾಫಿ ಕೊಟ್ಟೆ. “ಹುಡುಗಿ ಬಂಗಾರದಂಥವಳು. ಆಗಾಗ ಮೂರ್ಛೆ ಬರುತ್ತದಂತೆ” ಎಂದೆ. ‘ಅಂತೆ’ ಸೇರಿಸಿದ್ದೆನಲ್ಲ, ಸುಳ್ಳು ಹೇಳಿದ ಹಾಗಾಗಲಿಲ್ಲ ಎಂದುಕೊಂಡೆ. ಇನ್ನೂ ಮೂರು ಮನೆಗಳಲ್ಲಿ ಅವರಿಗೆ ಇದೇ ಮಾತು ಸಿಕ್ಕಿತು. ನಾಲ್ಕು ಜನ ಹೇಳಿದ ಮೇಲೆ ಸುಳ್ಳಿದ್ದೀತೆ? ಸಂಬಂಧ ಮುರಿಯಿತು.

ಎಷ್ಟೋ ದಿನಗಳ ಮೇಲೆ ಒಂದು ಅರಿಶಿನ ಕುಂಕುಮದಲ್ಲಿ ಮಾತಿಗೆ ಮಾತು ಬಂದು ತಿಳಿಯಿತು. ನಾವು ನಾಲ್ವರಿಗೂ ಹೇಳಿದವರು ಒಬ್ಬರೇ. ಅವರು ಕಂಡದ್ದೂ ಒಂದೇ ಸಲ. ಏಕಾದಶಿ ಉಪವಾಸವಿದ್ದ ಹುಡುಗಿ ದೇವಸ್ಥಾನದ ನೂಕುನುಗ್ಗಲಲ್ಲಿ ತಲೆಸುತ್ತಿ ಬಿದ್ದಿದ್ದಳು, ಅಷ್ಟೆ.

ಅಕ್ಕನ ಮಗಳಿಗೆ ಇದನ್ನು ಹೇಳಲಿಲ್ಲ. “ಬರೆದದ್ದು ತಪ್ಪು ಅಂತ ಆಮೇಲೆ ಗೊತ್ತಾದರೆ ಏನು ಮಾಡ್ತೀರೇ?” ಎಂದು ಮಾತ್ರ ಕೇಳಿದೆ.

“ತಿದ್ದಿ, ಎಲ್ಲರಿಗೂ ಕಾಣೋ ಹಾಗೆ ಮತ್ತೆ ಪ್ರಕಟಿಸ್ತೀವಿ” ಅಂದಳು, ಕಾಳು ಪಾತ್ರೆಗೆ ಹಾಕುತ್ತ.

ನಾನು ಯಾರ ಮನೆಗೂ ಹೋಗಿ ತಿದ್ದಿಕೊಳ್ಳಲಿಲ್ಲ. ಆ ಹುಡುಗಿ ಮದುವೆಯಾಗಲಿಲ್ಲ. ಶಾಲೆಯಲ್ಲಿ ಟೀಚರಾಗಿದ್ದು ಈಚೆಗೆ ನಿವೃತ್ತಳಾಗಿದ್ದಾಳೆ. ಸಂತೆಯಲ್ಲಿ ಸಿಕ್ಕಾಗಲೆಲ್ಲ ಅವಳೇ ಮೊದಲು ನಿಂತು “ಚೆನ್ನಾಗಿದ್ದೀರಾ ಅಕ್ಕಾ?” ಎನ್ನುತ್ತಾಳೆ. ಹೇಳಬೇಕಾದ ಮಾತು ಬಾಯಿತನಕ ಬರುತ್ತದೆ. ನಾನು ಪಕ್ಕಕ್ಕೆ ತಿರುಗಿ ಸೊಪ್ಪಿನವಳ ಹತ್ತಿರ ಕಟ್ಟಿನ ಬೆಲೆ ಕೇಳುತ್ತೇನೆ.