ಟವರ್ ತುಂಬ ಜನ, ಲೆಕ್ಕದಲ್ಲಿಲ್ಲ

ಸರ್ಜಾಪುರದ ಪಕ್ಕ ನಾವಿರೋದು ಹದಿನಾಲ್ಕು ಮಹಡಿಯ ಟವರ್. ಆದ್ರೆ ಆಡಳಿತ ಗ್ರಾಮ ಪಂಚಾಯ್ತಿಯದ್ದು, ತಾಲ್ಲೂಕು ಆನೇಕಲ್. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ 400 ಜನಕ್ಕೊಬ್ಬ ಸದಸ್ಯ. ನಮ್ಮ ಟವರ್‌ನಲ್ಲೇ ಅಷ್ಟು ಜನ ಇದ್ದೀವಿ! ಆದರೆ 2020ರ ಡಿಸೆಂಬರ್ ಚುನಾವಣೆಗೂ ಹಿಡಿದದ್ದು 2011ರ ಜನಗಣತಿಯ ಲೆಕ್ಕ. ಆಗ ಇಲ್ಲಿ ರಾಗಿ ಹೊಲ ಇತ್ತಂತೆ. ಮುಂದಿನ ಎಣಿಕೆ 2027ಕ್ಕೆ.

ಹೆಚ್ಚಿನವರ ವೋಟು ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಇದೆ. ಕಂದಾಯ ಮಾತ್ರ ಇಲ್ಲಿಗೇ, ಟ್ಯಾಂಕರ್ ನೀರಿಗೆ ಬೇರೆ ದುಡ್ಡು. ಕಸದ ಗಾಡಿ ಬರದಿದ್ರೆ ವಾಟ್ಸಾಪ್ ಗ್ರೂಪಲ್ಲಿ ಕೂಗಾಟ; ಗ್ರಾಮಸಭೆಗೆ ಹೋಗೋರು ಮೂರು ಮತ್ತೊಂದು. (ಗ್ರೂಪಿಗೆ ಅಡ್ಮಿನ್ ಮಾತ್ರ ನಾಲ್ವರು!)

ಕಳೆದ ಸಭೆಗೆ ಹೋಗಿದ್ದೆ. ಬೋರ್‌ವೆಲ್ ವಿಷಯ ಎತ್ತಿದಾಗ ಊರಿನ ಅಜ್ಜಿಯೊಬ್ಬರು, "ವೋಟು ಇಲ್ಲಿಗೆ ಹಾಕಿಸ್ಕೊಳಪ್ಪ, ಆಮೇಲೆ ನೋಡು, ಮನೆ ಬಾಗಿಲಿಗೇ ಬರ್ತಾರೆ" ಅಂದ್ರು. ಅವತ್ತು ರಾತ್ರಿನೇ ಫಾರಂ 8 ತುಂಬಿದೆ. ಈಗ ಪಕ್ಕದ ಫ್ಲ್ಯಾಟಿನವರದ್ದೂ ತುಂಬಿಸ್ತಿದ್ದೀನಿ.