ಕೊನೇತನಕ ಕೂತವರಿಗೊಂದು ಹಾಳೆ

ಉಳವಿ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಭರತ ಹುಣ್ಣಿಮೆಯ ಜಾತ್ರೆ. ಧಾರವಾಡ, ಬೆಳಗಾವಿ ಸೀಮೆಯಿಂದ ಚಕ್ಕಡಿ ಕಟ್ಟಿಕೊಂಡು, ಎತ್ತುಗಳನ್ನು ಸಿಂಗರಿಸಿಕೊಂಡು, ಕಾಡಿನ ದಾರಿಯಲ್ಲಿ ತಂಗುತ್ತ ಬರುವ ಜನ. ಚನ್ನಬಸವಣ್ಣನ ಸಮಾಧಿಗೆ ಹಣೆ ಹಚ್ಚಿ, ಆಕಳ ಗವಿ, ಮಹಾಮನೆ, ಹರಳಯ್ಯನ ಚಿಲುಮೆ ನೋಡಿಕೊಂಡು ಹೋಗುತ್ತಾರೆ. ಜಾತ್ರೆ ಮುಗಿಯಿತೆಂದರೆ ಊರು ಮತ್ತೆ ಕಾಡಿನ ಪಾಲು. ನನಗೆ ಹೇಳಬೇಕೆನಿಸಿರುವುದು ಇನ್ನೊಂದು ದಿನದ ಉಳವಿಯ ಬಗ್ಗೆ, ಮತದಾನದ ದಿನದ ಬಗ್ಗೆ. ಅದರಲ್ಲೂ ಮತಗಟ್ಟೆಯ ಒಳಗೆ ಗೋಡೆ ಬದಿಯ ಬೆಂಚಿನ ಮೇಲೆ ನಸುಕಿನಿಂದ ಸಂಜೆಯವರೆಗೆ ಕೂರುವ ಮೂರು ನಾಲ್ಕು ಜನರ ಬಗ್ಗೆ. ಊರಲ್ಲಿ ಅವರಿಗೆ ಬೂತ್ ಏಜೆಂಟ್ ಎನ್ನುತ್ತಾರೆ.

ಮರುದಿನದ ಪತ್ರಿಕೆಯಲ್ಲಿ ಶಾಯಿ ಹಚ್ಚಿದ ಬೆರಳು ತೋರಿಸುವ ಅಜ್ಜಿಯ ಚಿತ್ರ ಇರುತ್ತದೆ, ಮದುಮಗಳ ಚಿತ್ರ ಇರುತ್ತದೆ, ಅಭ್ಯರ್ಥಿ ಮನೆಮಂದಿಯೊಂದಿಗೆ ಸಾಲಿನಲ್ಲಿ ನಿಂತದ್ದು ಇರುತ್ತದೆ. ಏಜೆಂಟನ ಚಿತ್ರ ಒಮ್ಮೆಯೂ ನೋಡಿದ ನೆನಪಿಲ್ಲ. ಚುನಾವಣೆ ಎಂದರೆ ಅಧಿಕಾರಿಗಳು ನಡೆಸುವುದು, ನಾವು ಹೋಗಿ ಗುಂಡಿ ಒತ್ತಿ ಬರುವುದು ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಆದರೆ ನಮ್ಮ ಕಾನೂನು ಇವರಿಬ್ಬರ ನಡುವೆ ಮೂರನೆಯವನಿಗೂ ಒಂದು ಬೆಂಚು ಹಾಕಿದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 46ನೇ ಕಲಮಿನಲ್ಲಿ ಅವನಿಗೆ ಜಾಗವಿದೆ. ಅಭ್ಯರ್ಥಿಯೋ ಅವನ ಚುನಾವಣಾ ಏಜೆಂಟನೋ ಸಹಿ ಮಾಡಿದ ನಮೂನೆ 10 ಕೈಯಲ್ಲಿದ್ದರೆ, ಮತಗಟ್ಟೆಯ ಅಧ್ಯಕ್ಷಾಧಿಕಾರಿಯ ಮುಂದೆ ಇನ್ನೊಂದು ಸಹಿ ಹಾಕಿ ಕೂರಬಹುದು. ಒಬ್ಬ ಅಭ್ಯರ್ಥಿಗೆ ಒಂದು ಬೂತಿನಲ್ಲಿ ಒಬ್ಬ ಏಜೆಂಟ್, ಬದಲಿಗೆ ಇನ್ನಿಬ್ಬರು. ಒಳಗೆ ಮಾತ್ರ ಒಂದು ಸಲಕ್ಕೆ ಒಬ್ಬನೇ. ಸರ್ಕಾರಿ ನೌಕರರು ಈ ಕೆಲಸ ಮಾಡುವಂತಿಲ್ಲ. ಮಾಡಿದರೆ ಮೂರು ತಿಂಗಳವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಆದ್ದರಿಂದ ಆ ಬೆಂಚಿಗೆ ಬಂದು ಕೂರುವವರು ರೈತರು, ಅಂಗಡಿಯವರು, ಟೆಂಪೊ ಓಡಿಸುವವರು, ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗರು.

ಉಳವಿ ಇರುವುದು ಹಳಿಯಾಳ ವಿಧಾನಸಭಾ ಕ್ಷೇತ್ರದಲ್ಲಿ. ಹಳಿಯಾಳದ ಬಯಲು, ದಾಂಡೇಲಿಯ ಕಾರ್ಖಾನೆ, ಜೋಯಿಡಾದ ಕಾಡು, ಮೂರೂ ಒಂದೇ ಕ್ಷೇತ್ರ. ಉಳವಿ ಸೇರಿರುವ ಜೋಯಿಡಾ ತಾಲೂಕಿನ ಬಹುಪಾಲು ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಇಲ್ಲವೇ ಅದರ ಅಂಚು. ಗುಂದ, ಪೊಟೊಳಿ ಕಡೆಯ ದಾರಿಯಲ್ಲಿ ಬಂದವರಿಗೆ ಗೊತ್ತು, ಎಷ್ಟೋ ಕಡೆ ಮೊಬೈಲ್ ಎಂಬುದು ಗಡಿಯಾರ ನೋಡುವುದಕ್ಕಷ್ಟೇ ಆಗುತ್ತದೆ. ಪಟ್ಟಣದ ಮತಗಟ್ಟೆಯಲ್ಲಿ ಏನಾದರೂ ಎಡವಟ್ಟಾದರೆ ಐದು ನಿಮಿಷದಲ್ಲಿ ಹೊರಗೆ ನಾಯಕರು ಸೇರುತ್ತಾರೆ, ವರದಿಗಾರರು ಬರುತ್ತಾರೆ. ಇಲ್ಲಿ ಹಾಗಿಲ್ಲ. ಕೋಣೆಯಲ್ಲಿ ನಡೆದದ್ದಕ್ಕೆ ಸಿಬ್ಬಂದಿ ಬಿಟ್ಟರೆ ಬೆಂಚಿನ ಮೇಲೆ ಕೂತವರೇ ಸಾಕ್ಷಿ. ದೂರದ ಊರಿನಲ್ಲಿ ಏಜೆಂಟನ ಕೆಲಸಕ್ಕೆ ತೂಕ ಹೆಚ್ಚು ಎಂದು ನಾನು ಹೇಳುವುದು ಇದಕ್ಕೇ.

ಅವನ ದಿನ ಶುರುವಾಗುವುದು ಕತ್ತಲಲ್ಲಿ. ಏಳು ಗಂಟೆಗೆ ಮತದಾನವಾದರೆ ಒಂದೂವರೆ ತಾಸು ಮೊದಲೇ ಅಣಕು ಮತದಾನ. ಕನಿಷ್ಠ ಐವತ್ತು ಮತ ಹಾಕಿ ನೋಡಬೇಕು. ನೋಟಾ ಸೇರಿದಂತೆ ಪ್ರತಿ ಗುಂಡಿಯನ್ನೂ ಒತ್ತಬೇಕು. ಯಂತ್ರ ಬೀಪ್ ಎನ್ನುತ್ತದೆ, ವಿವಿಪ್ಯಾಟ್‌ನ ಗಾಜಿನ ಹಿಂದೆ ಚೀಟಿ ಏಳು ಸೆಕೆಂಡು ನಿಂತು ಕೆಳಗೆ ಬೀಳುತ್ತದೆ. ಯಾರಿಗೆ ಎಷ್ಟು ಒತ್ತಿದೆವು ಎಂದು ಏಜೆಂಟರು ಬರೆದಿಟ್ಟುಕೊಂಡು, ಯಂತ್ರ ತೋರಿಸಿದ ಲೆಕ್ಕಕ್ಕೂ ಚೀಟಿಗಳಿಗೂ ತಾಳೆ ನೋಡುತ್ತಾರೆ. ಆಮೇಲಿನದು ಎಲ್ಲಕ್ಕಿಂತ ಮುಖ್ಯ. ಆ ಐವತ್ತೂ ಮತಗಳನ್ನು ಅಳಿಸಿ ಯಂತ್ರದಲ್ಲಿ ಸೊನ್ನೆ ತೋರಿಸಬೇಕು, ಚೀಟಿಗಳನ್ನೆಲ್ಲ ಹೊರಗೆ ತೆಗೆದು ಕಪ್ಪು ಲಕೋಟೆಗೆ ಹಾಕಿ ಸೀಲು ಮಾಡಬೇಕು. ಅಳಿಸುವುದನ್ನು ಮರೆತ ಯಂತ್ರವನ್ನು ಎಣಿಕೆಯ ದಿನ ಬದಿಗಿಡಬೇಕಾಗಿ ಬಂದ ಪ್ರಸಂಗಗಳು ದೇಶದಲ್ಲಿ ನಡೆದಿವೆ. ಹೊಸ ಊರಿನಲ್ಲಿ ನಿದ್ದೆಗೆಟ್ಟ ಸಿಬ್ಬಂದಿ, ಏಳು ಗಂಟೆಯ ಒಳಗೆ ಮುಗಿಸುವ ಅವಸರ, ಮರೆವು ಯಾರಿಗೂ ಬರಬಹುದು. ಆಗ "ಸರ್, ಟೋಟಲ್ ಒಮ್ಮೆ ತೋರಿಸ್ರಿ" ಎನ್ನುವ ಒಬ್ಬನಾದರೂ ಕೋಣೆಯಲ್ಲಿ ಇರಬೇಕು. ಸೊನ್ನೆ ಕಣ್ಣಾರೆ ಕಂಡ ಮೇಲೆ ಕಂಟ್ರೋಲ್ ಯೂನಿಟ್ಟಿಗೆ ಹಸಿರು ಕಾಗದದ ಸೀಲು ಬೀಳುತ್ತದೆ. ಅದರ ಮೇಲೆ ಏಜೆಂಟರು ಸಹಿ ಹಾಕಬಹುದು, ಅದರ ನಂಬರನ್ನು ಬರೆದುಕೊಳ್ಳಬೇಕು.

ಈ ಸೊನ್ನೆ ತೋರಿಸುವ ಶಾಸ್ತ್ರ ಬಹಳ ಹಳೆಯದು. ತಮಿಳುನಾಡಿನ ಉತ್ತರಮೇರೂರಿನಲ್ಲಿ ಒಂದನೇ ಪರಾಂತಕ ಚೋಳನ ಕಾಲದ, ಹತ್ತನೇ ಶತಮಾನದ ಶಾಸನವೊಂದಿದೆ. ಊರ ಸಭೆಗೆ ಸದಸ್ಯರನ್ನು ಆರಿಸುವುದು ಹೇಗೆಂದು ಅದರಲ್ಲಿ ಕೊರೆದಿದ್ದಾರೆ. ಹೆಸರು ಬರೆದ ಓಲೆಗಳನ್ನು ಕೊಡಕ್ಕೆ ಹಾಕುವ ಪದ್ಧತಿ. ಪೂಜಾರಿಗಳಲ್ಲಿ ಹಿರಿಯನೊಬ್ಬ ಎದ್ದು ನಿಂತು, ನೆರೆದ ಎಲ್ಲರಿಗೂ ಕಾಣುವಂತೆ ಕೊಡವನ್ನು ಎತ್ತಿ ಹಿಡಿಯಬೇಕು. ಏನೂ ಅರಿಯದ ಹುಡುಗನೊಬ್ಬ ಓಲೆ ತೆಗೆಯಬೇಕು. ಅದನ್ನು ತೆಗೆದುಕೊಳ್ಳುವವನು ಐದೂ ಬೆರಳು ಬಿಡಿಸಿ ಅಂಗೈಯಲ್ಲಿ ತೆಗೆದುಕೊಳ್ಳಬೇಕು. ಒಬ್ಬ ಓದಿದ ಹೆಸರನ್ನು ಅಲ್ಲಿದ್ದ ಪೂಜಾರಿಗಳೆಲ್ಲ ಮತ್ತೆ ಓದಬೇಕು. ಐದು ಬೆರಳು ಬಿಡಿಸಬೇಕು ಎಂದು ಕಲ್ಲಿನ ಮೇಲೆ ಬರೆಸಿದವರಿಗೆ, ಬೆರಳು ಮಡಚಿ ಬೇರೆ ಓಲೆ ಸೇರಿಸಿದವರ ಅನುಭವ ಆಗಿತ್ತೋ ಏನೋ. ಅದನ್ನು ಓದಿದಾಗಲೆಲ್ಲ ನನಗೆ ಬೆಳಗಿನ ಐದೂವರೆಯ ಆ ಮತಗಟ್ಟೆಯ ಕೋಣೆಯೇ ಕಣ್ಣಿಗೆ ಕಟ್ಟುತ್ತದೆ. ಸಾವಿರ ವರ್ಷ ಕಳೆದರೂ ಕೇಳುವುದು ಅದನ್ನೇ: ಎಲ್ಲರಿಗೂ ಕಾಣಲಿ.

ಏಳು ಗಂಟೆಯ ಮೇಲೆ ಏಜೆಂಟನ ಕೆಲಸ ಮುಖ ನೋಡುವುದು. ಅವನ ಬೆಂಚನ್ನು ಎಲ್ಲಿ ಹಾಕಬೇಕೆಂಬುದಕ್ಕೂ ನಿಯಮವಿದೆ. ಒಳಗೆ ಬರುವ ಮತದಾರನ ಮುಖ ಕಾಣಬೇಕು, ಮೊದಲನೇ ಅಧಿಕಾರಿ ಗುರುತು ಹಚ್ಚುವುದು ಕಾಣಬೇಕು. ಮತ ಹಾಕುವ ಮರೆಯ ಒಳಗೆ ಮಾತ್ರ ಕಣ್ಣು ಹಾಯಬಾರದು. ಮತದ ಗುಟ್ಟು ಬಿಟ್ಟುಕೊಟ್ಟವರಿಗೆ ಕಾಯ್ದೆಯ 128ನೇ ಕಲಮಿನ ಪ್ರಕಾರ ಶಿಕ್ಷೆಯಿದೆ. ಆ ಕಲಮು ಅಧಿಕಾರಿಗೂ ಏಜೆಂಟನಿಗೂ ಒಂದೇ. ಪಕ್ಷದ ಶಾಲು ಹೊದ್ದು ಬರುವಂತಿಲ್ಲ, ಫೋನು ತರುವಂತಿಲ್ಲ. ತನ್ನ ಬಳಿಯ ಮತದಾರರ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳಬಹುದು. ಯಾರು ಬಂದರು, ಯಾರು ಬರಲಿಲ್ಲ ಎಂದು ಚೀಟಿ ಬರೆದು ಹೊರಗೆ ಕಳಿಸುವಂತಿಲ್ಲ.

ಗುರುತಿನ ಮಾತು ಬಂದಾಗ ಜೋಯಿಡಾದ ಹಳ್ಳಿಗಳನ್ನು ನೆನೆಯಬೇಕು. ಕುಣಬಿಗಳ ಊರಿಗೆ ಹೋದರೆ ವೇಳಿಪ ಅಡ್ಡಹೆಸರಿನ ಮನೆಗಳೇ ಸಾಲಾಗಿ ಸಿಗುತ್ತವೆ. ಅಜ್ಜನ ಹೆಸರು ಮೊಮ್ಮಗನಿಗೆ ಬಂದಿರುತ್ತದೆ. ಮನೆಯಲ್ಲಿ ಆಡುವುದು ಕೊಂಕಣಿ, ಪಟ್ಟಿ ಇರುವುದು ಕನ್ನಡದಲ್ಲಿ, ಕರೆಯುವ ಹೆಸರು ಒಂದು, ಬರೆದ ಹೆಸರು ಇನ್ನೊಂದು. ಹೊರಗಿನಿಂದ ಬಂದ ಅಧಿಕಾರಿಗೆ ಯಾವ ಮುಖವೂ ಪರಿಚಯವಿಲ್ಲ. ಆಗ ಬೆಂಚಿನ ಮೇಲಿಂದ "ಹೌದ್ರಿ, ಇವರೇ ಅವರು, ಹೆಸರು ಬರೆದದ್ದು ತಪ್ಪಾಗಿದೆ ಅಷ್ಟೇ" ಎಂದು ಒಬ್ಬ ಹೇಳಿದರೆ, ಕಾಡಿನ ದಾರಿ ನಡೆದು ಬಂದ ಅಜ್ಜಿ ಮತ ಹಾಕಿ ಹೋಗುತ್ತಾಳೆ. ಏಜೆಂಟ್ ಎಂದರೆ ಎದುರಾಳಿಯ ಮತ ತಡೆಯುವವನು ಎಂಬ ತಿಳಿವಳಿಕೆ ಪಕ್ಷದವರಲ್ಲೇ ಇದೆ. ಅದು ಅರ್ಧ ಸತ್ಯ. ಹಕ್ಕಿರುವವರು ಒಬ್ಬರೂ ವಾಪಸು ಹೋಗದಂತೆ ನೋಡುವುದೂ ಅವನ ಕರ್ತವ್ಯವೇ. ಆ ಅಜ್ಜಿ ಯಾರಿಗೆ ಮತ ಹಾಕುತ್ತಾಳೆಂದು ಗೊತ್ತಿದ್ದೂ "ಹೌದು, ಇವರೇ" ಎನ್ನುವವನನ್ನು ನಾನು ಒಳ್ಳೆಯ ಏಜೆಂಟ್ ಎನ್ನುತ್ತೇನೆ.

ಇನ್ನು ನಿಜವಾಗಿಯೂ ಬೇರೆಯವರ ಹೆಸರಿನಲ್ಲಿ ಯಾರಾದರೂ ಬಂದರೆ? ಊರು ಬಿಟ್ಟವರ, ತೀರಿಕೊಂಡವರ ಪಟ್ಟಿ ಅಧ್ಯಕ್ಷಾಧಿಕಾರಿಯ ಬಳಿ ಇರುತ್ತದೆ, ಏಜೆಂಟನ ತಲೆಯಲ್ಲೂ ಇರುತ್ತದೆ. ಅವನು ಎದ್ದು ಆಕ್ಷೇಪಣೆ ಹೇಳಬಹುದು. ಶುಲ್ಕ ಎರಡು ರೂಪಾಯಿ. ಅಷ್ಟು ಚಿಲ್ಲರೆ ಕೊಟ್ಟರೆ ಅಧಿಕಾರಿ ಅಲ್ಲೇ ವಿಚಾರಣೆ ಮಾಡಲೇಬೇಕು. ಆಕ್ಷೇಪಣೆ ಸಾಬೀತಾದರೆ ಬಂದವನು ಪೊಲೀಸರ ಕೈಗೆ. ಇಲ್ಲವಾದರೆ ಅವನು ಮತ ಹಾಕುತ್ತಾನೆ. ಸುಮ್ಮನೆ ಕಾಟ ಕೊಡಲು ಎತ್ತಿದ ಆಕ್ಷೇಪಣೆಯಾದರೆ ಎರಡು ರೂಪಾಯಿ ಸರ್ಕಾರಕ್ಕೆ. ನಿಮ್ಮ ಹೆಸರಿನಲ್ಲಿ ಮೊದಲೇ ಯಾರೋ ಮತ ಹಾಕಿ ಹೋಗಿದ್ದರೆ ಬರಿಗೈಯಲ್ಲಿ ಮರಳಬೇಕಿಲ್ಲ. ನೀವೇ ಅವರೆಂದು ಖಾತ್ರಿಯಾದರೆ ಟೆಂಡರ್ ಮತವೆಂದು ಕಾಗದದ ಮತಪತ್ರ ಕೊಡುತ್ತಾರೆ. ಕಣ್ಣು ಕಾಣದವರ ಜತೆ ಒಬ್ಬ ಸಹಾಯಕ ಒಳಗೆ ಹೋಗಬಹುದು, ಅವನಿಗೆ ಹದಿನೆಂಟು ತುಂಬಿರಬೇಕು, ಮತ್ತು ಅವನು ಆ ದಿನ ಇನ್ನೊಬ್ಬರಿಗೆ ಸಹಾಯಕನಾಗುವಂತಿಲ್ಲ. ಒಬ್ಬನೇ ಮನುಷ್ಯ ಓಣಿಯ ಅಜ್ಜ ಅಜ್ಜಿಯರನ್ನೆಲ್ಲ ಕೈಹಿಡಿದು ತರುವುದನ್ನು ನೋಡಿದವರಿಗೆ ಈ ನಿಯಮದ ಬೆಲೆ ತಿಳಿದೀತು.

ಬೆಂಚಿನ ಮೇಲೆ ಕೂತವರು ವೈರಿಗಳೇನಲ್ಲ. ಸಣ್ಣ ಊರಲ್ಲಿ ಇವನ ಗದ್ದೆಗೆ ಅವನ ಗದ್ದೆಯ ನೀರು ಹರಿದು ಬರಬೇಕು. ಒಬ್ಬರಿಗೆ ಬಂದ ಚಹಾ, ಅವಲಕ್ಕಿಯನ್ನು ಮೂವರು ಹಂಚಿಕೊಳ್ಳುತ್ತಾರೆ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಂತೂ ಪಕ್ಷದ ಚಿಹ್ನೆಯೇ ಇಲ್ಲ. ಅಭ್ಯರ್ಥಿಯ ಭಾವ ಒಂದು ಕಡೆ, ಅದೇ ಮನೆತನದ ಕಾಕಾನ ಮಗ ಇನ್ನೊಂದು ಕಡೆ. ಅಲ್ಲಿ ದಾಕ್ಷಿಣ್ಯವೇ ದೊಡ್ಡ ಅಡ್ಡಿ. "ನಾಳೆ ಮುಖ ನೋಡಬೇಕಲ್ಲ" ಎಂದು ಸುಮ್ಮನಾಗುವುದು ಸುಲಭ. ಬೆಳಿಗ್ಗೆ ಹಂಚಿಕೊಂಡ ಅವಲಕ್ಕಿಗೂ ಮಧ್ಯಾಹ್ನ ಎತ್ತಿದ ಆಕ್ಷೇಪಣೆಗೂ ವಿರೋಧವಿಲ್ಲ ಎಂದು ನಾವು ಊರಿನಲ್ಲಿ ರೂಢಿ ಮಾಡಿಕೊಳ್ಳಬೇಕು.

ಒಂದು ಬೂತಿನಿಂದ ಏನಾದೀತು ಎನ್ನುವವರಿಗೆ ನಮ್ಮ ರಾಜ್ಯದಲ್ಲೇ ಉತ್ತರವಿದೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರ ವಿರುದ್ಧ ಗೆದ್ದದ್ದು ಒಂದೇ ಒಂದು ಮತದಿಂದ. ಸೋತವರ ಕಾರಿನ ಚಾಲಕನಿಗೇ ಅಂದು ಮತ ಹಾಕಲು ಆಗಿರಲಿಲ್ಲ ಎಂಬ ಮಾತು ಇಂದಿಗೂ ಓಡಾಡುತ್ತಿದೆ. 2023ರಲ್ಲಿ ಬೆಂಗಳೂರಿನ ಜಯನಗರ ತೀರ್ಮಾನವಾದದ್ದು ಮರು ಎಣಿಕೆಯ ಬಳಿಕ, ಹದಿನಾರು ಮತಗಳಿಂದ. ಅದೇ ವರ್ಷ ನಮ್ಮ ಹಳಿಯಾಳದಲ್ಲಿ ಆರ್.ವಿ. ದೇಶಪಾಂಡೆ ಅವರಿಗೂ ಸುನೀಲ ಹೆಗಡೆ ಅವರಿಗೂ ನಡುವೆ ಇದ್ದ ಅಂತರ ನಾಲ್ಕು ಸಾವಿರವನ್ನು ಮುಟ್ಟಿರಲಿಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಸಾಲು ಕರಗುತ್ತದೆ. ನಸುಕಿನಲ್ಲೇ ಎದ್ದ ಏಜೆಂಟನಿಗೆ ಆಕಳಿಕೆ. "ಆಗುವುದೆಲ್ಲ ಆಯಿತು" ಎಂದು ಎದ್ದು ಹೋಗುವವರಿದ್ದಾರೆ. ದೊಡ್ಡ ಪಕ್ಷದವರು ಹೇಗೋ ಬದಲಿ ಕೂರಿಸುತ್ತಾರೆ. ಸಣ್ಣ ಪಕ್ಷದವರ, ಪಕ್ಷೇತರರ ಜಾಗ ಖಾಲಿ ಬೀಳುತ್ತದೆ. ಆದರೆ ದಿನದ ಫಲ ಕೈಗೆ ಬರುವುದೇ ಆರರ ಮೇಲೆ. ಆರಕ್ಕೆ ಸಾಲಿನಲ್ಲಿ ನಿಂತವರಿಗೆ ಕೊನೆಯವನಿಂದ ಶುರು ಮಾಡಿ ಚೀಟಿ ಹಂಚುತ್ತಾರೆ, ಅವರೆಲ್ಲರದೂ ಮುಗಿದ ಮೇಲೆ ಅಧ್ಯಕ್ಷಾಧಿಕಾರಿ ಕ್ಲೋಸ್ ಗುಂಡಿ ಒತ್ತುತ್ತಾರೆ. ಯಂತ್ರದ ಮೇಲೆ ಒಟ್ಟು ಮತ ಮೂಡುತ್ತದೆ. ಅದನ್ನು ಬರೆಯುವ ಹಾಳೆಯೇ ನಮೂನೆ 17ಸಿ. ಕಂಟ್ರೋಲ್ ಯೂನಿಟ್ಟಿನ ನಂಬರು, ಆ ಬೂತಿನ ಮತದಾರರು ಎಷ್ಟು, ಪುಸ್ತಕದಲ್ಲಿ ಸಹಿ ಹಾಕಿದವರು ಎಷ್ಟು, ಸಹಿ ಹಾಕಿಯೂ ಮತ ಬೇಡವೆಂದವರು ಎಷ್ಟು, ಯಂತ್ರದಲ್ಲಿ ಬಿದ್ದದ್ದು ಎಷ್ಟು, ಟೆಂಡರ್ ಮತ ಎಷ್ಟು, ಕಾಗದದ ಸೀಲಿನ ನಂಬರು ಯಾವುದು, ಎಲ್ಲ ಅದರಲ್ಲಿದೆ. 1961ರ ಚುನಾವಣಾ ನಿಯಮಗಳ 49ಎಸ್ ಪ್ರಕಾರ ಇದರ ನಕಲನ್ನು ಅಧಿಕಾರಿ ಏಜೆಂಟರಿಗೆ ಕೊಡಲೇಬೇಕು. ಯಾರಿಗೆ? ಮತದಾನ ಮುಗಿಯುವಾಗ ಅಲ್ಲಿ ಹಾಜರಿದ್ದ ಏಜೆಂಟರಿಗೆ. ನಾಲ್ಕಕ್ಕೆ ಎದ್ದು ಹೋದವನಿಗೆ ಹಾಳೆ ಇಲ್ಲ.

ಯಂತ್ರಗಳು ಆ ರಾತ್ರಿ ಕಾಡು ದಾಟಿ ಹೋಗುತ್ತವೆ. ಎಣಿಕೆಯ ದಿನ ಮೇಜಿನ ಮೇಲೆ ಇಟ್ಟದ್ದು ಉಳವಿಯಿಂದ ಹೋದ ಯಂತ್ರವೇ, ಅದರಲ್ಲಿರುವುದು ಉಳವಿಯಲ್ಲಿ ಬಿದ್ದಷ್ಟೇ ಮತವೇ ಎಂದು ಅಭ್ಯರ್ಥಿಯ ಕಡೆಯವರು ತಾಳೆ ನೋಡುವುದು ಈ ಹಾಳೆ ಹಿಡಿದೇ. 2024ರ ಲೋಕಸಭೆ ಚುನಾವಣೆಯ ನಡುವೆ 17ಸಿ ಅಂಕಿಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕೆಂದು ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ನಡೆದಿತ್ತು. ಮೇ 24ರಂದು ಕೋರ್ಟು ಮಧ್ಯಂತರ ಆದೇಶ ಕೊಡಲಿಲ್ಲ. ಏಜೆಂಟರಿಗೆ ನಕಲು ಸಿಕ್ಕೇ ಸಿಗುತ್ತದಲ್ಲ ಎಂಬುದು ಚುನಾವಣಾ ಆಯೋಗದ ವಾದದ ಒಂದು ಭಾಗ. ಸಾರ್ವಜನಿಕವಾಗಿ ಪ್ರಕಟಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಆ ವಾದ ನಿಜವಾಗಬೇಕಾದರೆ ಬೆಂಚು ಖಾಲಿ ಇರಬಾರದು.

ಇಂಥ ಹಾಳೆ ಏನು ಮಾಡಬಲ್ಲದೆಂದು 2024ರ ಜುಲೈನಲ್ಲಿ ವೆನೆಜುವೆಲಾ ತೋರಿಸಿತು. ಅಲ್ಲಿನ ಚುನಾವಣಾ ಮಂಡಳಿ ಮತಗಟ್ಟೆವಾರು ಅಂಕಿ ಕೊಡದೆ ಅಧಿಕಾರದಲ್ಲಿದ್ದ ಅಧ್ಯಕ್ಷ ಮಡುರೊ ಗೆದ್ದರೆಂದು ಸಾರಿತು. ವಿರೋಧ ಪಕ್ಷದ ಏಜೆಂಟರು ಅಷ್ಟರಲ್ಲಿ ದೇಶದ ಮೂಲೆಮೂಲೆಯ ಬೂತುಗಳಿಂದ ಲೆಕ್ಕದ ಹಾಳೆಗಳನ್ನು ಸಂಗ್ರಹಿಸಿದ್ದರು. ಶೇ 80ಕ್ಕೂ ಹೆಚ್ಚು ಹಾಳೆಗಳನ್ನು ಜಗತ್ತಿನ ಮುಂದಿಟ್ಟರು. ಆಗ ಅಧಿಕಾರ ಬದಲಾಗಲಿಲ್ಲ, ನಿಜ. ಆದರೆ ಏನು ನಡೆಯಿತೆಂಬುದು ಅಳಿಸಿಹೋಗಲಿಲ್ಲ. ಕಲ್ಯಾಣದ ಗಲಭೆಯಲ್ಲಿ ವಚನದ ಕಟ್ಟುಗಳನ್ನು ಹೊತ್ತು, ಹಿಂದೆ ಬಿದ್ದ ಸೈನ್ಯವನ್ನು ಎದುರಿಸುತ್ತ ಶರಣರು ಈ ಕಾಡಿಗೆ ಬಂದರೆಂದು ನಂಬುವ ಊರು ನಮ್ಮದು. ಬರೆದದ್ದನ್ನು ಕೈಬಿಡಬಾರದು ಎಂದು ಉಳವಿಯವರಿಗೆ ನಾನು ಹೇಳಿಕೊಡಬೇಕಿಲ್ಲ.

ಮುಂದಿನ ಸಲ ಯಾವ ಪಕ್ಷದವರಾದರೂ ಬಂದು "ಒಂದಿನ ಬೂತಿನಲ್ಲಿ ಕೂರ್ತೀಯೇನಪ್ಪಾ" ಎಂದು ಕೇಳಿದರೆ, ಹುಡುಗರೇ, ಹುಡುಗಿಯರೇ, ಹೂಂ ಎನ್ನಿ. ಐದೂವರೆಗೆ ಹೋಗಿ, ಸೊನ್ನೆ ನೋಡಿ, ಸೀಲಿನ ನಂಬರು ಬರೆದುಕೊಳ್ಳಿ. ನಾಲ್ಕಕ್ಕೆ ಏಳಬೇಡಿ. ಕ್ಲೋಸ್ ಗುಂಡಿ ಒತ್ತಿದ ಮೇಲೆ 17ಸಿ ನಕಲು ಕೇಳಿ, ಯಂತ್ರದ ಅಂಕಿಗೂ ಅದಕ್ಕೂ ತಾಳೆ ನೋಡಿ, ರಸೀದಿಗೆ ಸಹಿ ಹಾಕಿ, ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬನ್ನಿ.